ಲಾರಿ ಬ್ರೇಕಿನ 'ಸ್ಸ್' ಸದ್ದು ಲಂಡನ್ನಿನ ದೊಡ್ಡ ಕೋರ್ಟ್ ಮೆಟ್ಟಿಲೇರಿದ ಕಥೆ

ಹೆದ್ದಾರಿ ಪಕ್ಕದ ಊರಿನವರಿಗೆ ಈ ಸದ್ದಿನ ಪರಿಚಯ ಮಾಡಿಕೊಡಬೇಕಿಲ್ಲ. ರಾತ್ರಿ ಲೋಡು ಲಾರಿ ಹಂಪ್ ಹತ್ತಿರ ಬಂದು ಬ್ರೇಕ್ ಹಿಡಿದು ಬಿಡುತ್ತದೆ. 'ಸ್ಸ್' ಅಂತ ಗಾಳಿ ಹೊರಗೆ ಹಾರುತ್ತದೆ. ತೊಟ್ಟಿಲಲ್ಲಿದ್ದ ಮಗು ಬೆಚ್ಚುತ್ತದೆ. ದೊಡ್ಡ ಲಾರಿಗಳಿಗೆ ಇರುವುದು ಏರ್ ಬ್ರೇಕ್. ಟ್ಯಾಂಕಿನಲ್ಲಿ ಒತ್ತಿ ತುಂಬಿದ ಗಾಳಿಯ ಬಲದಿಂದ ಬ್ರೇಕ್ ಹಿಡಿಯುತ್ತದೆ, ಕೆಲಸ ಮುಗಿದ ಮೇಲೆ ಆ ಗಾಳಿ ಹೊರಗೆ ಹೋಗಲೇಬೇಕು. ಅದು ಹೋಗುವ ಸದ್ದೇ ಇದು.

ಇದೇ ಸದ್ದಿನ ಮೇಲೆ ಲಂಡನ್ ನಗರದಲ್ಲಿ ವರ್ಷಗಟ್ಟಲೆ ವ್ಯಾಜ್ಯ ನಡೆದು, ಕೊನೆಗೆ ಆ ದೇಶದ ಅತ್ಯುನ್ನತ ನ್ಯಾಯಪೀಠ ತೀರ್ಪು ಕೊಡಬೇಕಾಯಿತು ಎಂದರೆ ನಂಬುತ್ತೀರಾ? ನಿಜ, ನಡೆದಿದೆ.

ಊರಿನೊಳಗೆ ಗಾಡಿ ಸದ್ದಿನ ಜಗಳ ಇವತ್ತಿನದಲ್ಲ. ಕ್ರಿಸ್ತಪೂರ್ವ 45ರ ಸುಮಾರಿಗೆ, ಜೂಲಿಯಸ್ ಸೀಸರನ ಕಾಲದಲ್ಲಿ, ರೋಮ್ ನಗರದೊಳಗೆ ಹಗಲು ಹೊತ್ತು ಸರಕಿನ ಗಾಡಿ ಓಡಬಾರದು ಎಂಬ ಕಟ್ಟಳೆ ಬಂತು. ಸೂರ್ಯ ಹುಟ್ಟಿದಾಗಿನಿಂದ ಸಂಜೆ ಇಳಿಯುವವರೆಗೆ ಗಾಡಿ ಹೊರಗೇ ನಿಲ್ಲಬೇಕು. ದೇವಸ್ಥಾನ ಕಟ್ಟುವ ಸಾಮಾನಿಗೆ, ಇನ್ನು ಕೆಲವು ಸರ್ಕಾರಿ ಕೆಲಸಕ್ಕೆ ಮಾತ್ರ ವಿನಾಯಿತಿ. ಹಗಲಿನ ನೂಕುನುಗ್ಗಲು ಕಡಿಮೆಯಾಯಿತೇನೋ ಸರಿ, ಗಾಡಿಗಳೆಲ್ಲ ರಾತ್ರಿ ನುಗ್ಗಿದವು. ಕಲ್ಲು ಹಾಸಿದ ಬೀದಿ, ಕಬ್ಬಿಣದ ಪಟ್ಟಿ ಬಡಿದ ಚಕ್ರ. ನೂರೈವತ್ತು ವರ್ಷ ಕಳೆದ ಮೇಲೆ ಜುವೆನಾಲ್ ಎಂಬ ಕವಿ, ರೋಮಿನಲ್ಲಿ ನಿದ್ದೆ ಮಾಡಬೇಕಾದರೆ ಶ್ರೀಮಂತನೇ ಆಗಿರಬೇಕು ಎಂಬ ಅರ್ಥದಲ್ಲಿ ಗೊಣಗಿದ್ದಾನೆ. ನಮ್ಮ ಬೆಂಗಳೂರಿನಲ್ಲೂ ಹಗಲು ಹೊತ್ತು ಭಾರಿ ಲಾರಿಗಳಿಗೆ ನಿರ್ಬಂಧ ಇರುವುದು, ಕತ್ತಲಾಗುವವರೆಗೆ ಲಾರಿಗಳು ಹೊರವಲಯದಲ್ಲಿ ಕಾಯುವುದು ನಮಗೆ ಗೊತ್ತಿರುವ ವಿಷಯವೇ.

ಲಂಡನ್ ಇದಕ್ಕೆ ಉಲ್ಟಾ ದಾರಿ ಹಿಡಿಯಿತು. ಲಾರಿಗೆ ರಾತ್ರಿ ಬೇಡ ಎಂದಿತು.

ಆಗಿನ ಪರಿಸ್ಥಿತಿ ನೋಡಿ. 1973ರಲ್ಲಿ ಬ್ರಿಟನ್ ಯುರೋಪಿನ ಆರ್ಥಿಕ ಒಕ್ಕೂಟಕ್ಕೆ ಸೇರಿತ್ತು. ಸಮುದ್ರದಾಚೆಯ ವ್ಯಾಪಾರ ಹೆಚ್ಚಿತ್ತು. 1983ರಲ್ಲಿ ಲಾರಿಗಳ ಗರಿಷ್ಠ ತೂಕವನ್ನು 32.5 ಟನ್‌ನಿಂದ 38 ಟನ್‌ಗೆ ಏರಿಸಲಾಯಿತು. ನಗರವನ್ನು ಸುತ್ತು ಹಾಕುವ ಎಂ25 ಹೆದ್ದಾರಿ ಪೂರ್ತಿಯಾಗಿದ್ದು 1986ರ ಅಕ್ಟೋಬರಿನಲ್ಲಿ. ಅಲ್ಲಿಯವರೆಗೆ ಬಂದರಿನಿಂದ ಉತ್ತರದ ಊರುಗಳಿಗೆ ಹೋಗುವ ಎಷ್ಟೋ ಲಾರಿಗಳು ಮನೆಗಳ ಮುಂದೆಯೇ ಹಾದು ಹೋಗಬೇಕಿತ್ತು. ಲಾರಿಯಲ್ಲಿರುವ ಸಾಮಾನು ಆ ಬೀದಿಯವರಿಗೆ ಸೇರಿದ್ದಲ್ಲ, ಸದ್ದು ಮಾತ್ರ ಅವರ ಪಾಲಿಗೆ.

ನಗರದ ಆಡಳಿತ ನಡೆಸುತ್ತಿದ್ದುದು ಗ್ರೇಟರ್ ಲಂಡನ್ ಕೌನ್ಸಿಲ್. 1981ರಿಂದ ಅದರ ನಾಯಕ ಕೆನ್ ಲಿವಿಂಗ್‌ಸ್ಟನ್, ಎಡಪಂಥದವರು. ದೇಶದ ಪ್ರಧಾನಿ ಮಾರ್ಗರೆಟ್ ಥ್ಯಾಚರ್. ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಕೌನ್ಸಿಲ್ ಕಟ್ಟಡ ನದಿಯ ಈ ದಡದಲ್ಲಿ, ಸಂಸತ್ತು ಆ ದಡದಲ್ಲಿ. ಲಂಡನ್ನಿನಲ್ಲಿ ಎಷ್ಟು ಜನ ನಿರುದ್ಯೋಗಿಗಳಿದ್ದಾರೆ ಎಂದು ದೊಡ್ಡ ಅಂಕಿಯಲ್ಲಿ ಬರೆದು, ಸಂಸತ್ತಿಗೆ ಕಾಣುವ ಹಾಗೆ ಮಾಡಿನ ಮೇಲೆ ಫಲಕ ಹಾಕಿಸಿದ್ದರು! ಕೊನೆಗೆ ಥ್ಯಾಚರ್ ಸರ್ಕಾರ ಕೌನ್ಸಿಲನ್ನೇ ರದ್ದು ಮಾಡುವ ಕಾನೂನು ತಂದಿತು. 1986ರ ಮಾರ್ಚ್ 31 ಅದರ ಕೊನೆಯ ದಿನ.

ಮುಚ್ಚುವ ಮೊದಲು ಕೌನ್ಸಿಲ್ ಬಿಟ್ಟುಹೋದ ಕೆಲಸಗಳಲ್ಲಿ ಒಂದು 1985ರ ಲಾರಿ ಆದೇಶ. 16.5 ಟನ್‌ಗಿಂತ ಹೆಚ್ಚಿನ ತೂಕದ ಲಾರಿಗಳು ರಾತ್ರಿ ಹೊತ್ತು ಮತ್ತು ವಾರದ ಕೊನೆಯಲ್ಲಿ ನಗರದ ಬಹುಪಾಲು ಬೀದಿಗಳಲ್ಲಿ ಓಡುವಂತಿಲ್ಲ. ಕೆಲವು ಮುಖ್ಯ ರಸ್ತೆಗಳನ್ನು ಮಾತ್ರ ನಿಷೇಧದಿಂದ ಹೊರಗಿಟ್ಟರು. ಉಳಿದ ಬೀದಿಯೊಳಗೆ ಹೋಗಲೇಬೇಕಾದ ಕೆಲಸವಿದ್ದರೆ ಪರ್ಮಿಟ್ ತೆಗೆದುಕೊಳ್ಳಬೇಕು.

ಪರ್ಮಿಟ್ ಸುಮ್ಮನೆ ಸಿಗುತ್ತಿರಲಿಲ್ಲ. ಹಲವು ಷರತ್ತುಗಳಿದ್ದವು. ಅವುಗಳಲ್ಲಿ ಒಂದು, ಏರ್ ಬ್ರೇಕಿನ ಸದ್ದು ಅಡಗಿಸುವ ಸಣ್ಣ ಸಾಧನವನ್ನು ಲಾರಿಗೆ ಕೂರಿಸಬೇಕು ಎಂಬುದು. ಬೈಕಿಗೆ ಸೈಲೆನ್ಸರ್ ಇದ್ದ ಹಾಗೆ ಬ್ರೇಕಿನ ಗಾಳಿಗೊಂದು ಸೈಲೆನ್ಸರ್ ಅಂದುಕೊಳ್ಳಿ.

ಕೌನ್ಸಿಲ್ ಹೋದ ಮೇಲೆ ಆದೇಶವೂ ಹೋಗುತ್ತದೆ ಎಂದುಕೊಂಡವರಿದ್ದರೆ ಅವರಿಗೆ ನಿರಾಸೆಯಾಗಿರಬೇಕು. ಲಂಡನ್ನಿನಲ್ಲಿ ಬರೋ ಎಂಬ 32 ಸ್ಥಳೀಯ ಆಡಳಿತಗಳಿವೆ. ಅವುಗಳಲ್ಲಿ ಹೆಚ್ಚಿನವು ಸೇರಿ ಒಂದು ಜಂಟಿ ಸಮಿತಿ ಮಾಡಿಕೊಂಡು ಆದೇಶವನ್ನು ಮುಂದುವರಿಸಿದವು. ಕೆಲವು ಸೇರಲಿಲ್ಲ. ಜಿಲ್ಲಾ ಪಂಚಾಯಿತಿ ರದ್ದಾಗಿ, ಗ್ರಾಮ ಪಂಚಾಯಿತಿಗಳೇ ಕೈ ಕೈ ಹಿಡಿದು ಅದರ ಕೆಲಸ ನಡೆಸಿದಂತೆ. ನಮಗೆ ಈ ಇಡೀ ಕಥೆಯಲ್ಲಿ ಹೆಚ್ಚು ಹಿಡಿಸಿದ್ದು ಈ ಭಾಗ.

ಈಗ ಕೋರ್ಟಿನ ವಿಷಯ. ಫ್ರೇಟ್ ಟ್ರಾನ್ಸ್‌ಪೋರ್ಟ್ ಅಸೋಸಿಯೇಶನ್ ಎಂಬ ಸರಕು ಸಾಗಣೆದಾರರ ಸಂಘ ಈ ಬ್ರೇಕ್ ಷರತ್ತನ್ನು ಪ್ರಶ್ನಿಸಿತು. ಅವರ ವಾದ ಹುರುಳಿಲ್ಲದ್ದೇನಲ್ಲ. ಲಾರಿಯ ಸದ್ದು ಎಷ್ಟಿರಬೇಕೆಂದು ಯುರೋಪಿನ 1970ರ ನಿರ್ದೇಶನ ಹೇಳಿದೆ, ಬ್ರೇಕ್ ಹೇಗಿರಬೇಕೆಂದು 1971ರ ನಿರ್ದೇಶನ ಹೇಳಿದೆ. ಆ ಅಳತೆಗೆ ಸರಿಹೊಂದಿದ ಲಾರಿಯನ್ನು ಸದ್ದಿನ ಅಥವಾ ಬ್ರೇಕಿನ ಕಾರಣಕ್ಕೆ ಯಾವ ದೇಶವೂ ತಡೆಯುವಂತಿಲ್ಲ. ದೇಶಕ್ಕೇ ಇಲ್ಲದ ಅಧಿಕಾರ ಒಂದು ನಗರದ ಸಮಿತಿಗೆ ಎಲ್ಲಿಂದ ಬಂತು? ಒಂದೊಂದು ಊರು ಒಂದೊಂದು ಸಾಧನ ಹಾಕಿಸು ಎಂದರೆ ಲಾರಿ ಮಾಲೀಕ ಎಲ್ಲಿಗೆ ಹೋಗಬೇಕು? ಲಾರಿ ಇಟ್ಟುಕೊಂಡವರು ನಮ್ಮ ಓದುಗರಲ್ಲೂ ಇದ್ದೀರಿ, ಈ ಪ್ರಶ್ನೆಯ ಬಿಸಿ ನಿಮಗೆ ತಟ್ಟುತ್ತದೆ.

ಮೇಲ್ಮನವಿ ನ್ಯಾಯಾಲಯ ಸಾಗಣೆದಾರರ ಪರ ನಿಂತಿತು. ಸಮಿತಿ ಬಿಡಲಿಲ್ಲ. ಆಗ ಆ ದೇಶದ ಕಟ್ಟಕಡೆಯ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ಗೆ ಹೋಯಿತು. 1991ರಲ್ಲಿ ಲಾರ್ಡ್ ಟೆಂಪಲ್‌ಮನ್ ಮತ್ತು ಜೊತೆಯ ನ್ಯಾಯಮೂರ್ತಿಗಳು ತೀರ್ಪನ್ನು ತಿರುಗಿಸಿದರು. ಲಾರಿ ಹೇಗೆ ತಯಾರಾಗಬೇಕು, ಹೇಗೆ ಮಾರಾಟವಾಗಬೇಕು ಎಂಬುದು ಯುರೋಪಿನ ನಿಯಮ. ಯಾವ ಬೀದಿಯಲ್ಲಿ, ಯಾವ ಹೊತ್ತಿನಲ್ಲಿ, ಯಾವ ಷರತ್ತಿನ ಮೇಲೆ ಓಡಬಹುದು ಎಂಬುದು ಸ್ಥಳೀಯ ಸಂಚಾರದ ನಿಯಮ. ಎರಡೂ ಬೇರೆ ಬೇರೆ ಎಂಬುದು ತೀರ್ಪಿನ ತಿರುಳು. ಪ್ರಶ್ನೆಯನ್ನು ಯುರೋಪಿನ ನ್ಯಾಯಾಲಯಕ್ಕೆ ಕಳಿಸದೆ ತಾವೇ ತೀರ್ಮಾನಿಸಿದ್ದಕ್ಕೆ ಕಾನೂನು ಪಂಡಿತರು ಟೀಕೆ ಮಾಡಿದ್ದೂ ಉಂಟು.

ಆ ಯೋಜನೆ ಇವತ್ತಿಗೂ ನಡೆಯುತ್ತಿದೆ. ತೂಕದ ಮಿತಿ ಈಗ 18 ಟನ್. ವಾರದ ದಿನಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 7, ಶನಿವಾರ ಮಧ್ಯಾಹ್ನ 1ರಿಂದ ಸೋಮವಾರ ಬೆಳಿಗ್ಗೆ 7. ಪರ್ಮಿಟ್‌ಗೆ ಶುಲ್ಕ ಇಲ್ಲ. ಮೀರಿದರೆ ಮಾಲೀಕ ಸಂಸ್ಥೆಗೆ 550 ಪೌಂಡ್‌ವರೆಗೆ, ಡ್ರೈವರ್‌ಗೆ ಬೇರೆಯಾಗಿ 130 ಪೌಂಡ್‌ವರೆಗೆ ದಂಡ. ಆಫೀಸಿನಲ್ಲಿ ಕೂತವರು ಹೊತ್ತು ಗೊತ್ತಿಲ್ಲದೆ ಕಳಿಸಿದ ಲೋಡಿಗೆ ಡ್ರೈವರೂ ಜೇಬಿನಿಂದ ಕೊಡಬೇಕು ಎನ್ನುವುದು ನಮಗೆ ಸರಿ ಕಾಣಲಿಲ್ಲ. 2020ರಲ್ಲಿ ಕೊರೊನಾ ಬಂದು ಅಂಗಡಿಗಳ ಕಪಾಟು ಖಾಲಿಯಾದಾಗ, ಸಾಮಾನು ಬೇಗ ತಲುಪಲಿ ಎಂದು ದಂಡ ಹಾಕುವುದನ್ನು ಕೆಲವು ಕಾಲ ನಿಲ್ಲಿಸಿದ್ದರು.

ನಮ್ಮಲ್ಲಿ? ಮೋಟಾರು ವಾಹನ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ರಾಜ್ಯ ಸರ್ಕಾರ, ಅಥವಾ ಅದು ಅಧಿಕಾರ ಕೊಟ್ಟವರು, ರಸ್ತೆಯಲ್ಲಿ ವಾಹನ ಸಂಚಾರ ನಿರ್ಬಂಧಿಸಬಹುದು. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದಾಗ ಭಾರಿ ವಾಹನ ನಿಲ್ಲಿಸಿ ಜಿಲ್ಲಾಧಿಕಾರಿ ಆದೇಶ ಹೊರಡಿಸುವುದನ್ನು ನೋಡಿದ್ದೇವೆ. ಸದ್ದಿಗೆ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಿವೆ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಮಿತಿ. ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6. ಆ ಹೊತ್ತಿನಲ್ಲಿ ವಸತಿ ಪ್ರದೇಶದಲ್ಲಿ ತುರ್ತು ಇಲ್ಲದೆ ಹಾರ್ನ್ ಹಾಕುವಂತಿಲ್ಲ ಎಂದು 2010ರ ತಿದ್ದುಪಡಿ ಹೇಳುತ್ತದೆ. ಮಿತಿಗಿಂತ 10 ಡೆಸಿಬಲ್ ಹೆಚ್ಚಾದರೆ ದೂರು ಕೊಡಬಹುದು. ಕ್ರಮ ತೆಗೆದುಕೊಳ್ಳುವ ಅಧಿಕಾರ ಜಿಲ್ಲಾ ದಂಡಾಧಿಕಾರಿಗೆ, ಅಂದರೆ ನಮ್ಮ ಡಿಸಿಗೆ ಇದೆ. ಡಿವೈಎಸ್ಪಿ ಅಥವಾ ಅದಕ್ಕಿಂತ ಮೇಲಿನ ಅಧಿಕಾರಿಗೂ ಆ ಅಧಿಕಾರ ವಹಿಸಿಕೊಡಬಹುದು. ರಸ್ತೆ ಬದಿಯ ಊರಿನವರು ಗ್ರಾಮಸಭೆಯಲ್ಲಿ ಠರಾವು ಮಾಡಿ ಅದನ್ನು ಡಿಸಿ ಕಚೇರಿಗೆ ಕಳಿಸುವುದಾದರೆ, ಸ್ವೀಕೃತಿಯ ಸೀಲು ಹಾಕಿಸಿಕೊಂಡ ಒಂದು ಪ್ರತಿಯನ್ನು ಕೈಯಲ್ಲಿ ಇಟ್ಟುಕೊಳ್ಳಿ.