ಯಲವಿಗಿ–ಸವಣೂರು ಪರಿಸರದ ನಿಸರ್ಗ ನಡಿಗೆಗಳು

ಹಾವೇರಿ ಜಿಲ್ಲೆಯ ಸವಣೂರು ತಾಲ್ಲೂಕಿನ ಯಲವಿಗಿ ಗ್ರಾಮವು ಹುಬ್ಬಳ್ಳಿ–ದಾವಣಗೆರೆ ರೈಲುಮಾರ್ಗದ ಒಂದು ನಿಲ್ದಾಣ. ಇಲ್ಲಿಂದ ಬೆಳಿಗ್ಗೆ ಹೊರಟು ಸಂಜೆಯೊಳಗೆ ಮರಳಬಹುದಾದ ದೂರದಲ್ಲಿ ಹಳೆಯ ಮರಗಳು, ನವಿಲುಧಾಮ, ವಲಸೆ ಹಕ್ಕಿಗಳ ಕೆರೆ, ಹುಲ್ಲುಗಾವಲು ಹಾಗೂ ಕುರುಚಲು ಕಾಡಿನ ಗುಡ್ಡಸಾಲು ಇವೆ. ಪಶ್ಚಿಮದಲ್ಲಿ ಹಾನಗಲ್ಲಿನ ಕಡೆಗೆ ಸಾಗಿದಂತೆ ಮಲೆನಾಡಿನ ಸೆರಗು ಆರಂಭವಾಗುತ್ತದೆ. ಪೂರ್ವಕ್ಕೆ ಎರೆಭೂಮಿಯ ಬಯಲುಸೀಮೆ ಹರಡಿದೆ. ಈ ಎರಡರ ನಡುವಣ ಸ್ಥಾನವೇ ಇಲ್ಲಿನ ವೈವಿಧ್ಯಕ್ಕೆ ಕಾರಣ.

ಭೂಪ್ರಕೃತಿ ಮತ್ತು ಸೂಕ್ತ ಕಾಲ

ಯಲವಿಗಿಯ ಸುತ್ತಣ ನೆಲ ಬಹುಪಾಲು ಸಮತಟ್ಟಾದ ಕಪ್ಪು ಎರೆಮಣ್ಣು. ಹತ್ತಿ, ಗೋವಿನಜೋಳ, ಶೇಂಗಾ ಮತ್ತು ಮೆಣಸಿನಕಾಯಿ ಇಲ್ಲಿನ ಮುಖ್ಯ ಬೆಳೆಗಳು. ಹಿಂಗಾರಿನಲ್ಲಿ ಬಿಳಿಜೋಳ, ಕಡಲೆ, ಕುಸುಬಿ ಬೆಳೆಯುತ್ತಾರೆ. ಮಳೆ ಬಿದ್ದ ಮರುದಿನ ಎರೆಹೊಲದ ದಾರಿಯಲ್ಲಿ ನಡೆಯುವುದು ಕಷ್ಟ. ಪ್ರತಿ ಹೆಜ್ಜೆಗೂ ಮಣ್ಣು ಪಾದರಕ್ಷೆಗೆ ಮೆತ್ತಿಕೊಂಡು ಕಾಲು ಎತ್ತಲಾರದಷ್ಟು ಭಾರವಾಗುತ್ತದೆ. ಬೇಸಿಗೆಯಲ್ಲಿ ಅದೇ ನೆಲ ಆಳವಾಗಿ ಬಿರುಕು ಬಿಡುತ್ತದೆ. ಆದ್ದರಿಂದ ನವೆಂಬರ್‌ನಿಂದ ಫೆಬ್ರವರಿವರೆಗಿನ ಅವಧಿ ನಡಿಗೆಗೆ ಅನುಕೂಲಕರ. ನವಿಲಿನ ಕುಣಿತವನ್ನು ಕಾಣಬಯಸುವವರು ಮಾತ್ರ ಮುಂಗಾರಿನ ಆರಂಭದಲ್ಲಿ ಬರಬೇಕು.

ಸವಣೂರಿನ ದೊಡ್ಡಹುಣಸೆ ಮರಗಳು

ಹಿಂದೆ ನವಾಬರ ಸಂಸ್ಥಾನದ ರಾಜಧಾನಿಯಾಗಿದ್ದ ಸವಣೂರು, ಕವಿ ವಿ. ಕೃ. ಗೋಕಾಕರ ಜನ್ಮಸ್ಥಳವೂ ಹೌದು. ಪಟ್ಟಣದ ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿ ಮೂರು ಭಾರಿ ಮರಗಳಿದ್ದವು. ಹೆಸರಿನಲ್ಲಿ ಹುಣಸೆ ಇದ್ದರೂ ಇವು ಹುಣಸೆಯ ಜಾತಿಗೆ ಸೇರಿದವಲ್ಲ. ಆಫ್ರಿಕಾ ಮೂಲದ ಬಾವೋಬಾಬ್ (ಅಡನ್ಸೋನಿಯ ಡಿಜಿಟೇಟ) ಮರಗಳಾದ ಇವು ದಾಸವಾಳ, ಹತ್ತಿ ಗಿಡಗಳ ಕುಟುಂಬದವು. ಕಾಯಿಯೊಳಗಿನ ತಿರುಳು ಹುಳಿಯಾಗಿರುವುದರಿಂದ ಈ ಹೆಸರು ಬಂದಿರಬೇಕು. ವಿಜಯಪುರದಲ್ಲಿಯೂ ಇದೇ ಜಾತಿಯ ಹಳೆಯ ಮರಗಳಿವೆ. ಅರಬ್ ವ್ಯಾಪಾರಿಗಳ ಅಥವಾ ದಖ್ಖನ್ನಿನ ಸುಲ್ತಾನರ ಸೈನ್ಯದಲ್ಲಿದ್ದ ಆಫ್ರಿಕನ್ನರ ಮೂಲಕ ಇದರ ಬೀಜಗಳು ಬಂದಿರಬಹುದೆಂಬ ಅಭಿಪ್ರಾಯ ಪ್ರಚಲಿತದಲ್ಲಿದೆ.

ಈ ಮರದ ಕಾಂಡ ಮೃದುವಾಗಿದ್ದು ನೀರನ್ನು ಸಂಗ್ರಹಿಸಿಕೊಳ್ಳುತ್ತದೆ. ಒಣಹವೆಯಲ್ಲಿ ಎಲೆಗಳು ಉದುರುತ್ತವೆ. ಬಿಳಿಯ ದೊಡ್ಡ ಹೂವುಗಳು ರಾತ್ರಿ ಅರಳುತ್ತವೆ; ಬಾವಲಿಗಳು ಪರಾಗಸ್ಪರ್ಶಕ್ಕೆ ನೆರವಾಗುತ್ತವೆ. ಹಳೆಯ ಮರಗಳ ಕಾಂಡ ಒಳಗೆ ಟೊಳ್ಳಾಗುವುದರಿಂದ ಉಂಗುರ ಎಣಿಸಿ ವಯಸ್ಸು ಹೇಳುವುದು ದುಸ್ಸಾಧ್ಯ. ಸವಣೂರಿನ ಮರಗಳಿಗೆ ಸಾವಿರಾರು ವರ್ಷವೆಂದು ಹೇಳುವ ಮಾತುಗಳನ್ನು ಈ ಕಾರಣದಿಂದ ಎಚ್ಚರದಿಂದಲೇ ಸ್ವೀಕರಿಸಬೇಕು.

2023ರ ಮಳೆಗಾಲದಲ್ಲಿ ಮೂರರಲ್ಲಿ ಒಂದು ಮರ ಬುಡಸಮೇತ ಉರುಳಿಬಿತ್ತು. ಅದನ್ನು ಯಂತ್ರಗಳ ನೆರವಿನಿಂದ ಎತ್ತಿ ಮತ್ತೆ ನೆಡುವ ಪ್ರಯತ್ನ ನಡೆಯಿತು. ನೀರು ತುಂಬಿದ ಇಂತಹ ಕಾಂಡದ ತೂಕ ಅಪಾರ. ಮೇಲೆ ಎಷ್ಟು ದೃಢವಾಗಿ ಕಂಡರೂ ಬುಡದ ಮಣ್ಣು ಸಡಿಲಗೊಂಡರೆ ಮರ ನಿಲ್ಲದು. ಬೇರಿನ ಸುತ್ತಲ ನೆಲವನ್ನು ತುಳಿದು ಗಟ್ಟಿಮಾಡದಿರುವುದು, ಕಾಂಡದ ಮೇಲೆ ಹೆಸರು ಕೆತ್ತದಿರುವುದು ನೋಡಲು ಬರುವವರ ಕರ್ತವ್ಯ.

ಬಂಕಾಪುರ

ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರಕ್ಕೆ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಸಾಮಂತ ಬಂಕೇಯನಿಂದ ಹೆಸರು ಬಂದಿದೆ. ಕ್ರಿ.ಶ. 898ರಲ್ಲಿ ಗುಣಭದ್ರನ ಉತ್ತರಪುರಾಣಕ್ಕೆ ಇಲ್ಲಿ ಪೂಜೆ ಸಂದಿತು. ಕವಿ ರನ್ನನು ಅಜಿತಸೇನಾಚಾರ್ಯರಲ್ಲಿ ವಿದ್ಯಾಭ್ಯಾಸ ಮಾಡಿದ್ದೂ ಇಲ್ಲಿಯೇ. ಕೋಟೆಯೊಳಗೆ ‘ಅರವತ್ತು ಕಂಬದ ಗುಡಿ’ ಎಂದು ಜನ ಕರೆಯುವ ನಗರೇಶ್ವರ ದೇವಾಲಯವಿದೆ.

ಇದೇ ಕೋಟೆಯ 139 ಎಕರೆ ಪ್ರದೇಶವನ್ನು 2006ರಲ್ಲಿ ನವಿಲುಧಾಮವೆಂದು ಘೋಷಿಸಲಾಯಿತು. ಕೋಟೆಯೊಳಗಿನ ಖಿಲಾರಿ ತಳಿಯ ಜಾನುವಾರು ಸಂವರ್ಧನಾ ಕೇಂದ್ರದಿಂದಾಗಿ ಈ ನೆಲ ಕಟ್ಟಡಗಳ ಪಾಲಾಗದೆ ಉಳಿದಿದೆ. ಮೇವಿನ ಬೆಳೆ, ಮುಳ್ಳುಕಂಟಿ ಬೆಳೆದ ಕಂದಕ, ಹಳೆಯ ಗೋಡೆ, ಎತ್ತರದ ಮರಗಳು ಇವೆಲ್ಲ ಒಂದೆಡೆ ಇರುವುದರಿಂದ ನವಿಲುಗಳಿಗೆ ಆಹಾರ, ಗೂಡು ಮತ್ತು ರಾತ್ರಿಯ ಆಸರೆ ದೊರೆಯುತ್ತವೆ. ಕಂದಕದ ಪೊದೆಗಳನ್ನು ‘ಸ್ವಚ್ಛತೆ’ಯ ಹೆಸರಿನಲ್ಲಿ ಕಡಿದರೆ ಮೊಟ್ಟೆ ಇಡುವ ಜಾಗವೇ ಇಲ್ಲವಾಗುತ್ತದೆ. ಬೆಳಗಿನ ಜಾವ ಮತ್ತು ಸಂಜೆ ಹಕ್ಕಿಗಳು ಹೆಚ್ಚಾಗಿ ಕಾಣಸಿಗುತ್ತವೆ. ಮಳೆಗಾಲ ಮುಗಿಯುವ ಹೊತ್ತಿಗೆ ಗಂಡುನವಿಲುಗಳ ಉದ್ದನೆಯ ಗರಿಗಳು ಉದುರಿರುತ್ತವೆ.

ಮಾಗಡಿ ಕೆರೆ

ಗದಗ ಜಿಲ್ಲೆಯ ಶಿರಹಟ್ಟಿ ಸಮೀಪದ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಮಂಗೋಲಿಯ, ಟಿಬೆಟ್ ಮುಂತಾದ ಕಡೆಗಳಿಂದ ಹಿಮಾಲಯವನ್ನು ದಾಟಿ ಬರುತ್ತವೆ. ಇವು ಹಗಲಿನ ಹೆಚ್ಚಿನ ಹೊತ್ತು ನೀರಿನಲ್ಲಿ ವಿಶ್ರಮಿಸಿ, ಆಹಾರಕ್ಕಾಗಿ ಸುತ್ತಲಿನ ಹೊಲಗಳಿಗೆ ಹಾರುತ್ತವೆ. ಹೀಗಾಗಿ ಈ ಹಕ್ಕಿಗಳ ಉಳಿವು ಕೆರೆಯಷ್ಟೇ ರೈತರ ಸಹನೆಯನ್ನೂ ಅವಲಂಬಿಸಿದೆ. 2024ರಲ್ಲಿ ಈ ಕೆರೆ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು.

ಕಪ್ಪತಗುಡ್ಡ

ಏರು ಹತ್ತುವ ಚಾರಣ ಬೇಕೆನ್ನುವವರಿಗೆ ಹತ್ತಿರದ ದೊಡ್ಡ ಗುಡ್ಡಸಾಲು ಗದಗ ಜಿಲ್ಲೆಯ ಕಪ್ಪತಗುಡ್ಡ. ಔಷಧೀಯ ಸಸ್ಯಗಳಿಗೂ ಖನಿಜಗಳಿಗೂ ಇದು ಪ್ರಸಿದ್ಧ. ಈ ಎರಡು ಸಂಪತ್ತುಗಳ ನಡುವಣ ತಿಕ್ಕಾಟವೇ ಇದರ ಇತ್ತೀಚಿನ ಚರಿತ್ರೆ. 2015ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿತವಾಯಿತು, 2016ರಲ್ಲಿ ಆ ಆದೇಶವನ್ನು ಹಿಂಪಡೆಯಲಾಯಿತು. ಗದಗದಲ್ಲಿ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳುತನದಲ್ಲಿ ನಡೆದ ಹೋರಾಟದ ಬಳಿಕ 2017ರಲ್ಲಿ ಸ್ಥಾನಮಾನ ಮರಳಿತು. 2019ರಲ್ಲಿ 244 ಚದರ ಕಿ.ಮೀ.ಗೂ ಮಿಕ್ಕ ಪ್ರದೇಶ ವನ್ಯಜೀವಿಧಾಮವಾಯಿತು. ಕತ್ತೆಕಿರುಬ, ತೋಳ, ಚಿರತೆಗಳು ಇಲ್ಲಿವೆ. ಪ್ರವೇಶಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ತಗಲುವ ಅಪಾಯವಿರುವುದರಿಂದ ಬೀಡಿ, ಬೆಂಕಿಕಡ್ಡಿ ಒಯ್ಯಬಾರದು.

ಇತರ ಸ್ಥಳಗಳು

ರಾಣೆಬೆನ್ನೂರಿನ ಕೃಷ್ಣಮೃಗ ವನ್ಯಜೀವಿಧಾಮ (1974) 119 ಚದರ ಕಿ.ಮೀ. ವಿಸ್ತಾರವಾಗಿದೆ. ಹುಲ್ಲುಗಾವಲನ್ನು ಪಾಳುಭೂಮಿಯೆಂದು ತಿಳಿದು ನೀಲಗಿರಿ ನೆಟ್ಟುದರಿಂದ ಬಯಲನ್ನೇ ನಂಬಿದ ಪ್ರಾಣಿಪಕ್ಷಿಗಳ ನೆಲೆ ಕುಗ್ಗಿತು; ಒಂದು ಕಾಲಕ್ಕೆ ಇಲ್ಲಿದ್ದ ಎರೆಭೂತ ಹಕ್ಕಿ ಈಗ ಕಾಣಸಿಗುವುದಿಲ್ಲ. ಹಿರೇಕೆರೂರು ಕಡೆ ಕುಮುದ್ವತಿ ನದಿಗೆ ಗುಡ್ಡಗಳ ಸಂದಿನಲ್ಲಿ ಅಡ್ಡಕಟ್ಟಿದ ವಿಜಯನಗರ ಕಾಲದ ಮದಗ-ಮಾಸೂರು ಕೆರೆಯಿದೆ. ಮಳೆಗಾಲದಲ್ಲಿ ಕೋಡಿ ಬಿದ್ದಾಗ ಅಲ್ಲಿನ ಬಂಡೆಗಳು ಜಾರುತ್ತವೆ; ನೀರಿಗಿಳಿಯುವುದು ಅಪಾಯಕರ.