ಉಪ್ಪುನೀರಿನ ಕೊಳ ಮತ್ತು ಸವೆಯುವ ತಗಡು

ಉಪ್ಪುನೀರಿನ ಈಜುಕೊಳಕ್ಕೆ ಕ್ಲೋರಿನ್ ಬೇಡವೇ ಬೇಡ ಅಂತ ಬಹಳ ಜನ ಅಂದ್ಕೊಂಡಿರ್ತಾರೆ. ನಾನೂ ಹಾಗೇ ಅಂದ್ಕೊಂಡಿದ್ದೆ! ನಿಜ ಏನಂದ್ರೆ, ಅಲ್ಲಿ ಕ್ಲೋರಿನ್ ಕೊಳದ ಪಕ್ಕದಲ್ಲೇ ತಯಾರಾಗುತ್ತೆ. ಲೀಟರಿಗೆ 3-4 ಗ್ರಾಂ ಉಪ್ಪಿರುವ ನೀರು 'ಸೆಲ್' ಒಳಗೆ ಹಾಯುವಾಗ ವಿದ್ಯುತ್ತು ಅದರಿಂದ ಕ್ಲೋರಿನ್ ಹೊರಡಿಸುತ್ತೆ.

ಕತೆ ಹಳೇದು. 1774ರಲ್ಲಿ ಸ್ವೀಡನ್ನಿನ ಷೀಲೆ ಈ ಅನಿಲವನ್ನು ತಯಾರಿಸಿದ. 1810ರಲ್ಲಿ ಹಂಫ್ರಿ ಡೇವಿ ಇದೊಂದು ಮೂಲವಸ್ತು ಅಂತ ಹೇಳಿ ಹೆಸರಿಟ್ಟ. 19ನೇ ಶತಮಾನದ ಕೊನೆಗೆ ಕಾರ್ಖಾನೆಗಳು ಉಪ್ಪುನೀರಿಗೆ ವಿದ್ಯುತ್ ಹಾಯಿಸಿ ಕ್ಲೋರಿನ್ ತೆಗೆಯತೊಡಗಿದವು. ತೊಡಕೇನಪ್ಪಾ ಅಂದ್ರೆ, ಧನಾಗ್ರದ ಗ್ರಾಫೈಟ್ ದಿನೇ ದಿನೇ ಸವೆಯೋದು. ಬರೀ ಟೈಟಾನಿಯಂ ಹಾಕಿದ್ರೆ ಅದರ ಮೇಲೆ ಆಕ್ಸೈಡಿನ ಪೊರೆ ಕಟ್ಟಿ ವಿದ್ಯುತ್ತೇ ಹರಿಯಲ್ಲ. ಟೈಟಾನಿಯಂ ತಗಡಿಗೆ ರುಥೇನಿಯಂ ಆಕ್ಸೈಡಿನ ತೆಳು ಲೇಪ ಕೊಟ್ಟು 1960ರ ದಶಕದಲ್ಲಿ ಈ ಗಂಟು ಬಿಡಿಸಿದವನು ಹೆನ್ರಿ ಬೇರ್. ಇವತ್ತು ಮನೆಯ ಕೊಳದ ಸೆಲ್‌ನಲ್ಲಿರೋದೂ ಇಂಥ ಲೇಪದ ತಗಡೇ.

ಆದ್ರೆ ಲೇಪವೂ ಶಾಶ್ವತ ಅಲ್ಲ. ಋಣಾಗ್ರದ ಬಳಿ ನೀರು ಕ್ಷಾರವಾಗಿ ಸುಣ್ಣ ಕಟ್ಟುತ್ತೆ, ನಮ್ಮ ಬಚ್ಚಲಮನೆ ಹಂಡೆಯ ಥರ. ಅನೇಕ ಯಂತ್ರಗಳು ಆಗಾಗ ಧನ-ಋಣ ಅದಲುಬದಲು ಮಾಡಿ ಅದನ್ನು ಉದುರಿಸುತ್ತವೆ. ಉಳಿದದ್ದಕ್ಕೆ ತೆಳುವಾಗಿಸಿದ ಹೈಡ್ರೋಕ್ಲೋರಿಕ್ ಆಮ್ಲ (ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕಲ್ಲ!). ಪದೇ ಪದೇ ಆಮ್ಲದಲ್ಲಿ ನೆನೆಸಿದ್ರೆ, ಚಾಕುವಿನಿಂದ ಕೆರೆದ್ರೆ ಸುಣ್ಣದ ಜೊತೆ ಲೇಪವೂ ಹೋಯ್ತು ಅಂತಲೇ ಲೆಕ್ಕ.

ಉಪ್ಪು ಸರಿಯಿದ್ದು, ನೀರು ತೀರಾ ತಣ್ಣಗಿಲ್ಲದೆ, ತಗಡೂ ಶುಭ್ರವಾಗಿದ್ದು ಕ್ಲೋರಿನ್ ಬರ್ತಿಲ್ವಾ? ಬಹುಮಟ್ಟಿಗೆ ಲೇಪ ಮುಗಿದಿದೆ. ಸಾಮಾನ್ಯವಾಗಿ 3ರಿಂದ 7 ವರ್ಷ ಅದರ ಆಯಸ್ಸು. ಆಗ ಸೆಲ್ ಬದಲಿಸಲೇಬೇಕು. ಮತ್ತೆ ಮತ್ತೆ ಉಪ್ಪು ಸುರಿದ್ರೆ ನೀರು ಉಪ್ಪಾಗುತ್ತೆ, ಶುದ್ಧವಾಗಲ್ಲ. ನೋಡೋಕೆ ತಿಳಿಯಾಗಿದೆ ಅಂತ ಮಕ್ಕಳನ್ನು ಇಳಿಸೋ ಮುಂಚೆ ಕ್ಲೋರಿನ್ ಅಳೆದು ನೋಡಿ, ಅಷ್ಟೆ.