ಅಜ್ಜಿಯ ಫೋಟೋಗಳು ಮತ್ತು 12 ಬೈಟು

ಕಾಲೇಜಿನ ಕೊನೆಯ ವರ್ಷದಲ್ಲಿ ಮನೆಯ ಕಂಪ್ಯೂಟರಿಗೆ ಹೊಸದಾಗಿ ಲಿನಕ್ಸ್ ಹಾಕಲು ಹೊರಟೆ. ಹೋಮ್ ಫೋಲ್ಡರನ್ನು ಇದ್ದಂತೆಯೇ ಹೊರಗಿನ ಡಿಸ್ಕಿಗೆ ಕಾಪಿ ಮಾಡಿ, ಒಳಗಿದ್ದ ಎರಡೂ ಪಾರ್ಟಿಷನ್ ಫಾರ್ಮ್ಯಾಟ್ ಮಾಡಿದೆ. ಕಾಪಿ ಬೇಗ ಮುಗಿದಾಗಲೇ ಅನುಮಾನ ಬರಬೇಕಿತ್ತು! ತೀರಿಕೊಂಡ ಅಜ್ಜಿಯ ಫೋಟೋಗಳ ಫೋಲ್ಡರ್ ನಿಜಕ್ಕೂ ಇದ್ದದ್ದು ಎರಡನೇ ಪಾರ್ಟಿಷನ್ನಿನಲ್ಲಿ. ಹೋಮ್‌ನಲ್ಲಿದ್ದದ್ದು ಸಿಂಬಾಲಿಕ್ ಲಿಂಕ್ ಮಾತ್ರ. ಸ್ಲ್ಯಾಶ್‌ಗಳೂ ಸೇರಿ 12 ಅಕ್ಷರದ ವಿಳಾಸ, 12 ಬೈಟು. ಉಳಿದದ್ದು ಅಷ್ಟೇ.

ಈ ಲಿಂಕುಗಳ ಚರಿತ್ರೆ ಹುಡುಕಿದ್ದು ಆ ಹೊಟ್ಟೆಯುರಿಗೆ.

1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಶುರು ಮಾಡಿದ ಯುನಿಕ್ಸ್‌ನ 1971ರ ಮೊದಲ ಕೈಪಿಡಿಯಲ್ಲೇ ಲಿಂಕ್ ಮಾಡುವ 'ಎಲ್ಎನ್' ಕಮಾಂಡ್ ಇದೆ. ಅಲ್ಲಿ ಫೈಲಿಗೆ ಹೆಸರಿಲ್ಲ, ಐನೋಡ್ ಎಂಬ ನಂಬರು ಮಾತ್ರ. ಡೈರೆಕ್ಟರಿ ಅಂದರೆ ಹೆಸರು-ನಂಬರುಗಳ ಪಟ್ಟಿ. ಒಂದೇ ನಂಬರಿಗೆ ಎರಡು ಹೆಸರು ಕೊಟ್ಟರೆ ಅದೇ ಹಾರ್ಡ್ ಲಿಂಕ್. ಮನೆಯಲ್ಲಿ 'ಪುಟ್ಟ', ಶಾಲೆಯ ರಿಜಿಸ್ಟರಿನಲ್ಲಿ ಬೇರೆ ಹೆಸರು ಇರುತ್ತಲ್ಲ, ಹಾಗೆ. ಯಾವುದು ಅಸಲು, ಯಾವುದು ನಕಲು ಎಂಬ ಪ್ರಶ್ನೆಯೇ ಇಲ್ಲ. ಹಾಗಾಗಿ ಅಳಿಸುವ ಸಿಸ್ಟಮ್ ಕಾಲ್‌ನ ಹೆಸರು 'ಅನ್‌ಲಿಂಕ್'. ಕೊನೆಯ ಹೆಸರೂ ಹೋಗಿ, ಫೈಲನ್ನು ಯಾವ ಪ್ರೋಗ್ರಾಮೂ ತೆರೆದಿಟ್ಟುಕೊಂಡಿಲ್ಲ ಅಂದಾಗ ಮಾತ್ರ ಜಾಗ ಖಾಲಿ. ಆದರೆ ಆ ನಂಬರಿಗೆ ಒಂದು ಫೈಲ್ ಸಿಸ್ಟಮ್‌ನ ಒಳಗಷ್ಟೇ ಬೆಲೆ, ಪಕ್ಕದ ಡಿಸ್ಕಿಗೆ ದಾಟುವಂತಿಲ್ಲ.

ಅದಕ್ಕೇ 1983ರ 4.2 ಬಿಎಸ್‌ಡಿ ಸಿಂಬಾಲಿಕ್ ಲಿಂಕ್ ತಂದಿತು. ಇದು ನಂಬರಲ್ಲ, ದಾರಿಯನ್ನು ಬರೆದಿಟ್ಟ ಚೀಟಿ. 'ಅಂಗಡಿ ಪಕ್ಕದ ಬೀದಿಗೆ ಹೋಗಿದೆ' ಅನ್ನೋ ಬೋರ್ಡಿನ ಹಾಗೆ. ಅಂಗಡಿ ಮುಚ್ಚಿದರೂ ಬೋರ್ಡು ನೇತಾಡುತ್ತಿರುತ್ತದೆ. ಪೂರ್ತಿ ಹೊಸದೇನಲ್ಲ, ಯುನಿಕ್ಸ್‌ಗೆ ಮುಂಚಿನ ಮಲ್ಟಿಕ್ಸ್‌ನಲ್ಲೂ ಇಂಥ ಲಿಂಕ್ ಇತ್ತು.

ನನಗೆ ಹೆಚ್ಚು ಇಷ್ಟವಾದದ್ದು ಆಪಲ್‌ನ 1991ರ ಸಿಸ್ಟಮ್ 7ರ ಅಲಿಯಾಸ್. ಅದು ದಾರಿಯ ಜೊತೆ ಫೈಲಿನ ಗುರುತಿನ ನಂಬರನ್ನೂ ಇಟ್ಟುಕೊಳ್ಳುತ್ತದೆ. ಅದೇ ಡಿಸ್ಕಿನಲ್ಲಿ ಫೈಲಿನ ಹೆಸರು ಬದಲಿಸಿ, ಜಾಗ ಬದಲಿಸಿ, ಹುಡುಕಿಕೊಂಡು ಹೋಗುತ್ತದೆ. ವಿಂಡೋಸ್ 95ರ ಶಾರ್ಟ್‌ಕಟ್ ಒಂದು ಮಾಮೂಲಿ ಫೈಲು. ಡೆಸ್ಕ್‌ಟಾಪಿಗೆ ಅದರ ಅರ್ಥ ಗೊತ್ತು, ಬೇರೆ ಎಷ್ಟೋ ಪ್ರೋಗ್ರಾಮಿಗೆ ಗೊತ್ತಿಲ್ಲ. ನಿಜವಾದ ಸಿಂಬಾಲಿಕ್ ಲಿಂಕ್ ಅಲ್ಲಿಗೆ ಬಂದದ್ದು ವಿಸ್ಟಾ ಕಾಲಕ್ಕೆ.

ಅಮ್ಮನಿಗೆ ವಿಷಯ ಹೇಳಲು ಎರಡು ದಿನ ಬೇಕಾಯ್ತು. ಚಿಕ್ಕಮ್ಮನ ಹಳೇ ಫೋನಿನಲ್ಲಿ ಐದು ಫೋಟೋ ಸಿಕ್ಕವು. ಒಂದರಲ್ಲಿ ಅಜ್ಜಿ ಕ್ಯಾಮೆರಾಕ್ಕೆ ಬೆನ್ನು ಹಾಕಿ ಹೂ ಕಟ್ಟುತ್ತಿದ್ದಾಳೆ.